ಗಾಜಿನ ಮೇಲಿನ ಅಜ್ಜ

ನನಗೆ ಸಿಟ್ಟು ಬಂದರೆ ಅರ್ಧ ಡೊಂಬಿವಲಿಗೆ ಕೇಳಿಸುತ್ತದೆ. ನನ್ನ ಅತ್ತಿಗೆ ಲೋಲಾಕ್ಷಿಗೆ ಬಂದರೆ ಪಕ್ಕದ ಮನೆಗೂ ಗೊತ್ತಾಗುವುದಿಲ್ಲ. ಅವರು ಸುಮ್ಮನೆ ಪಾತ್ರೆ ಉಜ್ಜಲು ಕೂರುತ್ತಾರೆ. ಕಳೆದ ಜೂನ್ ತಿಂಗಳಲ್ಲಿ ಅವರು ಉಜ್ಜಿದ ಪಾತ್ರೆಗಳಲ್ಲಿ ನಾನು ಮುಖ ನೋಡಿಕೊಂಡು ಗಡ್ಡ ಬೋಳಿಸಿಕೊಳ್ಳಬಹುದಿತ್ತು. ಅದಕ್ಕೆ ಕಾರಣ ಒಂದು ಬಿಳಿ ವ್ಯಾನು, ಅದನ್ನು ಮಾರಿದ ಸುದರ್ಶನ ಎಂಬ ಹಲ್ಕಟ್, ಮತ್ತು ಹೇಳದೆ ಉಪಾಯವಿಲ್ಲ, ನಾನು.

ಅತ್ತಿಗೆ ಕಾರ್ಕಳದ ಆಚೆಯ ಬಜಗೋಳಿಯವರು. ನನ್ನ ಅಣ್ಣ ಗುರುವಪ್ಪ ಅವರನ್ನು ಮದುವೆಯಾಗಿ ಕರೆತಂದಾಗ ಠಾಣೆ ಪಟ್ಟಣದ ಒಂದು ಹೋಟೆಲಿನಲ್ಲಿ ಅವನು ಒಲೆಯ ಮುಂದೆ ನಿಲ್ಲುತ್ತಿದ್ದ, ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಡೊಂಬಿವಲಿ ಪೂರ್ವದ ಒಂದು ಕೋಣೆಯಲ್ಲಿ ಮೂವರ ಸಂಸಾರ, ಮಧ್ಯೆ ಹಳೆಯ ಸೀರೆಯ ಪರದೆ. ಏಳು ವರ್ಷದ ಹಿಂದೆ ಅಣ್ಣ ತೀರಿಕೊಂಡ. ಉತ್ತರಕ್ರಿಯೆ ಮುಗಿದ ಮಾರನೆಯ ದಿನ ಅತ್ತಿಗೆ ಒಲೆ ಹಚ್ಚಿ ಒಂಬತ್ತು ಡಬ್ಬಿ ಊಟ ಕಟ್ಟಿದರು. ಯಾರನ್ನೂ ಕೇಳಲಿಲ್ಲ, ನನ್ನನ್ನಂತೂ ಕೇಳಲೇ ಇಲ್ಲ. ಒಂಬತ್ತು ಹೋಗಿ ಎಂಬತ್ತಾಯಿತು. ಕಲ್ಯಾಣ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಮಾರುವವರು ಅವರಿಗೆ ‘ನಾಕ್‌ವಾಲಿ ಬಾಯಿ’, ಅಂದರೆ ಮೂಗಿನ ಹೆಂಗಸು, ಎಂದು ಹೆಸರಿಟ್ಟಿದ್ದಾರೆ. ಒಡೆದ ಕಾಯಿಯನ್ನು ಮೂಗಿಗೆ ಹಿಡಿಯದೆ ಅವರು ಚೀಲಕ್ಕೆ ಹಾಕಿದ್ದನ್ನು ಯಾರೂ ನೋಡಿಲ್ಲ. ಅಂಥ ಮೂಗಿನ ಬಾಯಿಯನ್ನು ನಾನು ಮುಚ್ಚಿಸಿದೆ. ಆ ಕಥೆಯೇ ಇದು.

ಈ ವರ್ಷ ಅವರಿಗೆ ಖಾರಘರದ ಒಂದು ಹುಡುಗಿಯರ ಹಾಸ್ಟೆಲಿನ ತಿಂಡಿಯ ಆರ್ಡರ್ ಸಿಕ್ಕಿತು. ನೂರ ನಲವತ್ತು ಜನ, ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಇಡ್ಲಿ ಸಾಂಬಾರು, ಭಾನುವಾರ ನೀರುದೋಸೆ. ಜೂನ್ ಒಂದರಿಂದ ಶುರು, ಮೊದಲ ಮೂರು ತಿಂಗಳು ನಮ್ಮನ್ನು ಪರೀಕ್ಷಿಸಿ ನೋಡುವುದು. ವಾರ್ಡನ್ ವಿಮಲಾ ಮೇಡಂ ಹಾಕಿದ ಷರತ್ತು ಒಂದೇ: ಸ್ವಂತ ಗಾಡಿ ಬೇಕು, ಬಾಡಿಗೆ ಟೆಂಪೊದ ನೆಪ ನಡೆಯದು. ಅತ್ತಿಗೆಯ ಮಗ ಯತಿನ್ ಮಹಾಪೆಯ ಕೊರಿಯರ್ ಕಂಪನಿಯಲ್ಲಿ ಗಾಡಿ ಓಡಿಸುತ್ತಿದ್ದವನು, ಅಮ್ಮನ ಗಾಡಿ ಓಡಿಸುತ್ತೇನೆಂದು ಕೆಲಸ ಬಿಟ್ಟ. ಅಂದರೆ ಈ ಆರ್ಡರ್ ಕೈತಪ್ಪಿದರೆ ತಾಯಿಗೂ ಮಗನಿಗೂ ಒಟ್ಟಿಗೇ ತಪ್ಪುತ್ತಿತ್ತು.

ಯತಿನ್ ಇಲ್ಲೇ ಹುಟ್ಟಿದವನು. ನಾವು ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಇಪ್ಪತ್ತು ವರ್ಷದಿಂದ ನಾನು ಅವನನ್ನು ಅದಕ್ಕೆ ಬೈಯುತ್ತಾ ಬಂದಿದ್ದೇನೆ. “ನಮ್ಮ ಭಾಷೆ ಬಿಟ್ಟವನು ನಮ್ಮವರನ್ನೂ ಬಿಡ್ತಾನೆ ಮಾರಾಯ” ಎಂದು ನನ್ನ ಭಾಷಣ. ಅವನು “ಠೀಕ್ ಹೈ ಚಿಕ್ಕಪ್ಪ” ಎಂದು ಮೊಬೈಲು ಒತ್ತುತ್ತಾನೆ.

ಮೇ ತಿಂಗಳ ನಾಲ್ಕು ಭಾನುವಾರ ನಾವು ಮೂವರೂ ಹಳೆಯ ಗಾಡಿ ಹುಡುಕಿಕೊಂಡು ಅಲೆದೆವು. ಠಾಣೆ, ವಾಶಿ, ಸೀವುಡ್ಸ್, ಮತ್ತೆ ಕಲ್ಯಾಣ. ಇಂಟರ್ನೆಟ್ಟಿನಲ್ಲಿ ತೋರಿಸಿದ ಗಾಡಿ ನಾವು ಹೋಗುವ ಹೊತ್ತಿಗೆ ಎಲ್ಲ ಕಡೆಯೂ ‘ಈಗಷ್ಟೇ’ ಮಾರಾಟವಾಗಿರುತ್ತಿತ್ತು. ಅದರ ಬದಲು ತೋರಿಸುವುದಕ್ಕೆ ಒಂದು ಡಬ್ಬಾ ಗಾಡಿ ಮಾತ್ರ ತಪ್ಪದೆ ಇರುತ್ತಿತ್ತು. ಒಬ್ಬನು ಹೇಳಿದ ಬೆಲೆಗೆ ಫೈಲ್ ಚಾರ್ಜು, ಪಾಲಿಶ್ ಚಾರ್ಜು ಎಂದು ಬಾಲ ಬೆಳೆಯಿತು. ಇನ್ನೊಬ್ಬನು ಗಾಡಿ ಓಡಿಸಿ ನೋಡುತ್ತೇವೆ ಎಂದದ್ದಕ್ಕೆ, ಅವನ ಮಗಳನ್ನು ಕೇಳಿದ ಹಾಗೆ ಮುಖ ಮಾಡಿದ. ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದಿತ್ತು. ದುಡ್ಡು ಕೊಡುವವರು ಅತ್ತಿಗೆ, ಪ್ರಶ್ನೆ ಕೇಳುವವರು ಅತ್ತಿಗೆ, ಉತ್ತರ ಮಾತ್ರ ನನ್ನ ಮುಖಕ್ಕೆ! ವಾಶಿಯಲ್ಲಿ ಟೈ ಕಟ್ಟಿದವನೊಬ್ಬ, “ಮೇಡಂ, ಆಪ್ ಎಸಿ ಮೇ ಬೈಠಿಯೇ, ಮೈ ಸರ್ ಸೇ ಬಾತ್ ಕರ್ತಾ ಹೂಂ” ಎಂದ. ಮೇಡಂ ಎಸಿಯಲ್ಲಿ ಕೂರಬೇಕಂತೆ, ಮಾತು ಸರ್ ಜೊತೆಯಂತೆ. ಸರ್ ಎಂದರೆ ನಾನು. ನನಗೆ ಸೈಕಲ್ಲು ಕೂಡ ನೆಟ್ಟಗೆ ಬರುವುದಿಲ್ಲ.

ಅತ್ತಿಗೆ ಎದ್ದು ಹೊರಗೆ ಬಂದರು. ಆ ರಾತ್ರಿ ಇಡ್ಲಿ ಪಾತ್ರೆಗಳು ಬೆಳ್ಳಿಯಾದವು.

ಐದನೇ ಭಾನುವಾರ ಶಿಲ್ ರಸ್ತೆಯ ಯಾರ್ಡಿಗೆ ಹೋದೆವು. ತಗಡಿನ ಮಾಡಿನ ಕೆಳಗೆ ಹತ್ತು ಹನ್ನೆರಡು ಗಾಡಿಗಳು. ನಾನು ಅತ್ತಿಗೆಗೆ ತುಳುವಿನಲ್ಲಿ ಏನೋ ಹೇಳಿದ್ದು ಒಳಗಿನ ಕ್ಯಾಬಿನ್ನಿಗೆ ಕೇಳಿಸಿತು. ಬಾಗಿಲು ತೆರೆದು ನಲವತ್ತರ ಆಸುಪಾಸಿನ ಒಬ್ಬನು ಕೈಮುಗಿದುಕೊಂಡೇ ಬಂದ. “ಎಂಚ ಉಲ್ಲರ್ ಅಕ್ಕೆರೆ?”

ಹೇಗಿದ್ದೀರಿ ಅಕ್ಕ, ಎಂದು ಅವರನ್ನು ಕೇಳಿದ. ನನ್ನನ್ನಲ್ಲ, ಅತ್ತಿಗೆಯನ್ನು! ಅವನೇ ಸುದರ್ಶನ. ಬಜಗೋಳಿಯೆಂದ ಕೂಡಲೇ ಅವನ ಅಜ್ಜಿಯ ಮನೆ ಪಕ್ಕದ ಮಾಳ ಊರಿನಲ್ಲಿ ಸಿಕ್ಕಿತು. ಯಾರ ಮನೆ, ಯಾವ ಬರಿ, ಅಂದರೆ ಯಾವ ಕುಲ, ಯಾರಿಗೆ ಏನಾಗಬೇಕು, ಎಲ್ಲ ಹತ್ತು ನಿಮಿಷದಲ್ಲಿ ಆಯಿತು. ಗಾಜಿನ ಲೋಟದಲ್ಲಿ ಚಾ ಬಂತು. ಗಾಡಿಯ ಮಾತು ಬಂದಾಗ ಮೈಲೇಜು, ಟಯರು, ವಿಮೆ ಎಂದು ಪ್ರತಿಯೊಂದನ್ನೂ ಅವರಿಗೇ ಹೇಳಿದ. ನಾಲ್ಕು ಭಾನುವಾರ ಬೆಂದ ಹೆಂಗಸಿಗೆ ಅಷ್ಟು ಮರ್ಯಾದೆ ಸಾಕಾಯಿತು. ನನಗಂತೂ ತುಳು ಕೇಳಿಯೇ ತಲೆ ತಿರುಗಿತ್ತು.

ಅವನು ಆರಿಸಿ ತೋರಿಸಿದ್ದು ಏಳು ಸೀಟಿನ ಬಿಳಿ ವ್ಯಾನು. ಮುಂದಿನ ಗಾಜಿನ ಎಡಮೂಲೆಯಲ್ಲಿ ಅಂಗೈಯಗಲದ ಸ್ಟಿಕ್ಕರು. ಅಡಿಕೆ ಹಾಳೆಯ ಮುಟ್ಟಾಳೆ ಟೊಪ್ಪಿ ಇಟ್ಟು ಕೋಲು ಹಿಡಿದು ಕೂತ ಸ್ವಾಮಿ ಕೊರಗಜ್ಜ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ: ಏನು ಕಳೆದುಹೋದರೂ ನಾವು ಅಜ್ಜನಿಗೆ ಚಕ್ಕುಲಿ, ವೀಳ್ಯ ಕೊಡುತ್ತೇವೆಂದು ಹರಕೆ ಹೇಳುತ್ತೇವೆ, ಕಳೆದದ್ದು ಸಿಗುತ್ತದೆ ಎಂಬ ನಂಬಿಕೆ. ಅಜ್ಜನ ಚಿತ್ರವಿರುವ ಗಾಡಿಯೆಂದರೆ ಮೊದಲ ಯಜಮಾನನೂ ನಮ್ಮವನೇ, ಅಜ್ಜನಿಗೆ ಹೆದರುವವನೇ ಎಂದು ನಾನು ಲೆಕ್ಕ ಹಾಕಿದೆ. ಇದನ್ನು ಅತ್ತಿಗೆಗೂ ಹೇಳಿದೆ. ಅವರೂ ತಲೆಯಾಡಿಸಿದರು.

ಗಾಡಿಯ ಬಾಗಿಲು ತೆರೆದಾಗ ಮಾತ್ರ ಅವರ ಮೂಗು ಅರಳಿತು. “ಇದೆಂಥ ಇಷ್ಟು ಪರಿಮಳ?”

“ಅಜ್ಜ ಕೂತ ಗಾಡಿ ಅಲ್ವಾ ಅಕ್ಕ, ಪರಿಮಳ ಇರ್ಬೇಡ್ವಾ?” ಎಂದ ಸುದರ್ಶನ.

“ಹೊಸ ಸೀಟ್ ಕವರ್ ಅತ್ತಿಗೆ, ಹಾಗೇ ಇರ್ತದೆ” ಎಂದೆ ನಾನು. ಹೌದು, ನಾನೇ ಎಂದದ್ದು.

ಯತಿನ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. ಕೊರಿಯರ್ ಗಾಡಿಗಳನ್ನು ರಿಪೇರಿ ಮಾಡುವ ಮುನಾಫ್ ಎಂಬ ಮೆಕ್ಯಾನಿಕ್ ಮುಂಬ್ರಾದಲ್ಲಿದ್ದಾನೆ, ಫೋನು ಮಾಡಿದರೆ ಅರ್ಧ ಗಂಟೆಯಲ್ಲಿ ಬರುತ್ತಾನೆ ಎಂದ. “ಏಕ್ ಬಾರ್ ದಿಖಾ ಲೇತೇ ಹೈ ಚಿಕ್ಕಪ್ಪ.”

“ಸುಮ್ನೆ ಕೂತ್ಕೊ” ಎಂದು ಗದರಿದೆ. “ನಮ್ಮವನ ಬಾಗಿಲಿಗೆ ಬಂದು ಮುಂಬ್ರಾದಿಂದ ಮೆಕ್ಯಾನಿಕ್ ಕರೆಸಿದ್ರೆ ನಾಳೆ ಇವನಿಗೆ ಮುಖ ಹೇಗೆ ತೋರಿಸ್ಲಿಕ್ಕೆ? ನಾಚಿಕೆ ಬೇಡ್ವಾ?”

ನಮ್ಮವರ ರೋಗವೇ ಇದು. ಹೊರಗಿನವನಿಗೆ ಹತ್ತು ಪ್ರಶ್ನೆ, ಊರಿನವನಿಗೆ ಒಂದೂ ಇಲ್ಲ. ಕೇಳಿದರೆ ಅವನ ಮಾನ ಹೋಗುತ್ತದೆಂದು ನಾವು ಹೆದರುತ್ತೇವೆ. ಈ ಹೆದರಿಕೆಯ ಮೇಲೆ ಎಷ್ಟು ಮಂದಿ ಅಂಗಡಿ ಹಾಕಿದ್ದಾರೋ!

ರಸೀದಿ ಪುಸ್ತಕಕ್ಕೆಂದು ಸುದರ್ಶನ ಮೇಜಿನ ಡ್ರಾಯರು ಎಳೆದ. ಅದರೊಳಗೆ ರಬ್ಬರು ಹಾಕಿದ ಸ್ಟಿಕ್ಕರಿನ ಕಟ್ಟುಗಳು ಕಂಡವು. ಅಜ್ಜ, ಸವದತ್ತಿ ಯಲ್ಲಮ್ಮ, ಖಂಡೋಬಾ, ಅಯ್ಯಪ್ಪ. ನನ್ನ ಈ ಎರಡು ಕಣ್ಣಿನಿಂದ ನೋಡಿದೆ. ನೋಡಿ ಏನಂದೆ ಗೊತ್ತೆ? ವಾಪಸು ಬರುವಾಗ ಅತ್ತಿಗೆಗೆ, “ಎಷ್ಟು ಭಕ್ತಿ ನೋಡಿ ಅವನಿಗೆ” ಎಂದೆ.

ಏಳು ವರ್ಷದ ಉಳಿತಾಯ ಕೊಟ್ಟು ವ್ಯಾನು ಮನೆಗೆ ತಂದೆವು. ಮೊದಲ ವಾರ ಚೆನ್ನಾಗಿಯೇ ಹೋಯಿತು. ಜೂನ್ ಒಂಬತ್ತಕ್ಕೆ ಮಳೆ ಹಿಡಿಯಿತು. ಕಿಟಕಿ ಮುಚ್ಚಿದ ವ್ಯಾನಿನೊಳಗೆ ಸುಗಂಧದ ಕೆಳಗಿನಿಂದ ಇನ್ನೊಂದು ವಾಸನೆ ಎದ್ದಿತು. ಕೊಳೆತ ಕೆಸರಿನದು, ನಾಲೆಯದು. ಇಡ್ಲಿ ಮುಚ್ಚುವ ಬಿಳಿ ಬಟ್ಟೆಗಳು ಅದನ್ನು ಹೀರಿಕೊಂಡವು. ಅಂದು ಹಾಸ್ಟೆಲಿನಿಂದ ಅರ್ಧಕ್ಕರ್ಧ ಇಡ್ಲಿ ವಾಪಸು ಬಂತು. ಜೊತೆಗೆ ವಾರ್ಡನ್ನಿನ ಸಂದೇಶ: ‘ಇಡ್ಲಿಗೆ ಗಟಾರದ ವಾಸನೆ ಇದೆ. ಮಕ್ಕಳು ಮುಟ್ಟಲಿಲ್ಲ. ಒಂದು ವಾರ ನೋಡುತ್ತೇನೆ, ಅಷ್ಟೆ.’

ಅತ್ತಿಗೆ ಆ ಸಂದೇಶವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ವಾಪಸು ಬಂದ ಒಂದು ಇಡ್ಲಿಯನ್ನು ಮೂಗಿಗೆ ಹಿಡಿದರು. ಮತ್ತೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ನುಂಗಿದರು. ಇಪ್ಪತ್ತೆಂಟು ವರ್ಷದಲ್ಲಿ ನಾನು ಅವರ ಕಣ್ಣಲ್ಲಿ ನೀರು ನೋಡಿದ್ದು ಅಣ್ಣ ಹೋದಾಗ, ಮತ್ತು ಆವತ್ತು. ಮಾರನೆಯ ದಿನ ವ್ಯಾನು ಮಹಾಪೆಯ ಸೇತುವೆಯ ಮೇಲೆ ದೀಪ, ಹಾರ್ನು, ಇಂಜಿನ್ನು ಎಲ್ಲವನ್ನೂ ಒಟ್ಟಿಗೇ ಆರಿಸಿಕೊಂಡು ನಿಂತಿತು.

ತಳ್ಳಿಸಿಕೊಂಡು, ಎಳೆಸಿಕೊಂಡು ಯಾರ್ಡಿಗೆ ಹೋದೆವು. ಸುದರ್ಶನ ಕ್ಯಾಬಿನ್ನಿನಿಂದ ಏಳಲಿಲ್ಲ. ಅವನ ತುಳು ಎಲ್ಲೋ ಮಾಯವಾಗಿತ್ತು.

“ಆಂಟಿ, ಸೆಕೆಂಡ್ ಹ್ಯಾಂಡ್ ಮಾಲ್ ಹೈ. ಗ್ಯಾರಂಟಿ ನಹೀ ಹೋತಾ.”

ಎರಡು ವಾರದಲ್ಲಿ ಅಕ್ಕ ಹೋಗಿ ಆಂಟಿಯಾಗಿದ್ದರು. ನಾನು ಕಿರುಚಿದೆ, ಮೇಜು ಕುಟ್ಟಿದೆ. ಅವನು ನನ್ನ ಕಡೆ ತಿರುಗಲೂ ಇಲ್ಲ. ಗಾಡಿ ನೀರಲ್ಲಿ ಮುಳುಗಿತ್ತಾ ಎಂದು ಅತ್ತಿಗೆ ಕೇಳಿದರು.

“ಪಾನಿ? ಕೌನ್ ಬೋಲಾ? ಆಪ್ ಕಾ ಸಾಂಬಾರ್ ಗಿರಾ ಹೋಗಾ ಆಂಟಿ. ಉಸೀ ಕಾ ಬಾಸ್ ಹೈ.”

ನಿಮ್ಮ ಸಾಂಬಾರು ಚೆಲ್ಲಿರಬೇಕು, ಅದರದೇ ನಾತ! ನಾಕ್‌ವಾಲಿ ಬಾಯಿಗೆ ಹೇಳಿದ ಮಾತು ಇದು. ನಾನು ಅವನ ಕಾಲರು ಹಿಡಿಯುವವನಿದ್ದೆ. ಯತಿನ್ ನನ್ನನ್ನು ಹಿಡಿದುಕೊಂಡ. ಆರ್.ಸಿ. ಪ್ರತಿ ಕೇಳಿದರೆ ಟ್ರಾನ್ಸ್‌ಫರಿಗೆ ಹೋಗಿದೆ ಎಂದ ಸುದರ್ಶನ. ಅವನು ಮೊದಲು ಕೊಟ್ಟಿದ್ದ ಜೆರಾಕ್ಸಿನಲ್ಲಿ ಭಿವಂಡಿಯ ಯಾರೋ ದಲ್ಲಾಳಿಯ ಹೆಸರಿತ್ತು, ಆ ನಂಬರು ಎತ್ತುವವರೇ ಇರಲಿಲ್ಲ. ಅದಕ್ಕೂ ಮೊದಲಿನ ಯಜಮಾನ ಯಾರೆಂದು ಕೇಳಿದ್ದಕ್ಕೆ, “ಮಾಲೂಮ್ ನಹೀ” ಎಂದು ಫ್ಯಾನಿನ ಕಡೆ ನೋಡಿದ.

ಆರ್ಡರ್ ಬಿಡುವ ಹಾಗಿರಲಿಲ್ಲ. ಮಾರನೆಯ ದಿನದಿಂದ ನಾವು ಮೂವರೂ ತಿಂಡಿ ಹೊತ್ತು ರೈಲು ಹತ್ತಿದೆವು. ಡೊಂಬಿವಲಿಯಿಂದ ಲಗೇಜ್ ಡಬ್ಬಿಯಲ್ಲಿ ಠಾಣೆ; ಅಲ್ಲಿ ನೂರಾರು ಕಾಲುಗಳ ನಡುವೆ ಸೇತುವೆ ಹತ್ತಿ ಇಳಿದು ಪನ್ವೇಲ್ ಗಾಡಿ; ಖಾರಘರದಲ್ಲಿ ಆಟೊ. ಬಿಸಿ ಸಾಂಬಾರಿನ ಕ್ಯಾನು ನನ್ನ ಎರಡು ಕೈಯಲ್ಲಿ. ಅರುವತ್ತೊಂದರ ಪ್ರಾಯದಲ್ಲಿ ಪ್ರತಿ ಮೆಟ್ಟಿಲಿಗೂ ನಾನು ಸುದರ್ಶನನ ವಂಶವನ್ನು ನೆನೆದೆ, ಮಾಳದ ಅಜ್ಜಿಯನ್ನೂ ಸೇರಿಸಿ. ಅತ್ತಿಗೆ ಏಳೂವರೆಗೆ ಐದು ನಿಮಿಷ ಇರುವಾಗ ಹಾಸ್ಟೆಲಿನ ಬಾಗಿಲಲ್ಲಿ ಡಬ್ಬಿ ಇಳಿಸಿ, ಮುಚ್ಚಿದ ಬಟ್ಟೆ ತೆಗೆದು ವಾರ್ಡನ್ನಿನ ಮುಂದೆಯೇ ಮೂಸಿ ನೋಡುತ್ತಿದ್ದರು. ದಿನಾ.

ಮೂರನೆಯ ದಿನ ಮಧ್ಯಾಹ್ನ ಯತಿನ್ ನನ್ನನ್ನು ಕೇಳದೆ ಮುನಾಫನನ್ನು ಕರೆತಂದ. ಯಾರ್ಡಿನಿಂದ ಎಳೆಸಿ ತಂದು ನಮ್ಮ ಚಾಳಿನ ಎದುರು ನಿಲ್ಲಿಸಿದ್ದ ವ್ಯಾನಿನ ಬಾಗಿಲು ತೆರೆದು ಆ ಮನುಷ್ಯ ಮಾಡಿದ ಮೊದಲ ಕೆಲಸ ಸೀಟ್ ಬೆಲ್ಟನ್ನು ಹಿಡಿದು ಕೊನೆಯವರೆಗೆ ಎಳೆದದ್ದು. ನಾವು ಕಟ್ಟಿಕೊಳ್ಳುವಷ್ಟು ಭಾಗ ಹೊಸದರ ಹಾಗೆ ಕರ್ರಗಿತ್ತು. ಒಳಗಿಂದ ಬಂದ ಉಳಿದ ಒಂದು ಮೊಳದಲ್ಲಿ ಒಣಗಿದ ಕೆಸರು. ಎರಡು ನಿಮಿಷದ ಕೆಲಸ.

“ಸ್ಟಿಯರಿಂಗ್ ತಕ್ ಪಾನಿ ಮೇ ಥೀ, ಭಾಬಿ” ಎಂದ. “ಲೇನೇ ಸೇ ಪೆಹಲೇ ಬುಲಾಯಾ ಕ್ಯೂಂ ನಹೀ?” ಸ್ಟಿಯರಿಂಗಿನವರೆಗೆ ನೀರಲ್ಲಿದ್ದ ಗಾಡಿ, ಕೊಳ್ಳುವ ಮೊದಲೇ ಯಾಕೆ ಕರೆಯಲಿಲ್ಲ ಎಂದು.

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಅವರು ಒಳಗೆ ಹೋಗಿ ಒಂದು ಚೆಂಬು ಬಿಸಿನೀರು, ದೋಸೆ ಸಟ್ಟುಗ ತಂದರು. ಗಾಜಿನ ಮೇಲಿನ ಅಜ್ಜನಿಗೆ ಕೈಮುಗಿದರು.

“ಈ ಗಟಾರದ ಗಾಡಿಯಲ್ಲಿ ನೀವು ಕೂರ್ಲಿಕ್ಕಿಲ್ಲ ಅಜ್ಜ. ನನಗೆ ಮೋಸ ಮಾಡಿದವನ ಬುಡ ತೋರಿಸಿ, ಚಕ್ಕುಲಿ ವೀಳ್ಯ ಇಡ್ತೇನೆ.”

ಬಿಸಿನೀರು ಸುರಿದು, ಅಂಚಿನಿಂದ ಸಟ್ಟುಗ ಹಾಕಿ, ದೋಸೆ ಎಬ್ಬಿಸುವಷ್ಟೇ ಜಾಗ್ರತೆಯಲ್ಲಿ ಎಬ್ಬಿಸಿದರು. ಅಜ್ಜ ಹರಿಯದೆ ಪೂರ್ತಿಯಾಗಿ ಬಂದರು. ಅವರ ಕೆಳಗೆ ಇನ್ನೊಂದು ಸ್ಟಿಕ್ಕರು ಇತ್ತು. ಮಾಸಿದ ಹಸಿರು ಬಣ್ಣ, ಕಲ್ಯಾಣ ಪಶ್ಚಿಮದ ಒಂದು ಹೌಸಿಂಗ್ ಸೊಸೈಟಿಯ ಪಾರ್ಕಿಂಗ್ ಚೀಟಿ, ಬಿ ವಿಂಗ್, ನೂರ ನಾಲ್ಕು.

ನಾನು ಅಜ್ಜನಿಗೆ ಇನ್ನೊಮ್ಮೆ ಕೈಮುಗಿದೆ. ಅತ್ತಿಗೆ, “ಚಕ್ಕುಲಿಗೆ ಹಿಟ್ಟು ತರ್ಬೇಕು” ಎಂದರು, ಅಷ್ಟೆ. ಸಂಜೆ ನಾವು ಕಲ್ಯಾಣದಲ್ಲಿದ್ದೆವು. ವಾಲಧುನಿ ನಾಲೆಯ ಬದಿಯ ಕಟ್ಟಡ, ಬಾಗಿಲು ತೆರೆದವರು ನಿವೃತ್ತ ಮೇಷ್ಟ್ರು, ಪಿತಳೆ ಎಂದು ಹೆಸರು. ವ್ಯಾನಿನ ನಂಬರು ಕೇಳಿ ಅವರು ಹಣೆ ಮುಟ್ಟಿಕೊಂಡರು.

“ತೀ ಗಾಡೀ? ತೀ ತರ್ ಮೀ ಭಂಗಾರಾತ್ ದಿಲೀ ಹೋತೀ!”

ಗುಜರಿಗೆ ಕೊಟ್ಟ ಗಾಡಿ. ಹಿಂದಿನ ವರ್ಷದ ಜುಲೈಯಲ್ಲಿ ಅದು ಎರಡು ದಿನ ನೀರಲ್ಲಿತ್ತು. ಮೊಬೈಲಿನಲ್ಲಿ ಫೋಟೊ ತೋರಿಸಿದರು: ಕಂದು ನೀರು, ಮೇಲೆ ಬಿಳಿ ಮಾಡು, ಗಾಜಿನ ಮೂಲೆಯಲ್ಲಿ ಇದೇ ಹಸಿರು ಚೀಟಿ. ಗಾಡಿ ಇನ್ನು ಓಡಿಸಲು ಯೋಗ್ಯವಲ್ಲ ಎಂದು ವಿಮೆಯವರು ಬರೆದ ಕಾಗದವೂ ಇತ್ತು. ಅತ್ತಿಗೆ ಕೇಳುವ ಮೊದಲೇ ಮೇಷ್ಟ್ರು ಅದರ ಜೆರಾಕ್ಸು ಮಾಡಿಸಿಕೊಟ್ಟು, ಎಲ್ಲಿಗೆ ಬಂದು ಬೇಕಾದರೂ ಹೇಳುತ್ತೇನೆ ಎಂದರು. ನಮ್ಮ ಊರಿನವರಲ್ಲ, ನಮ್ಮ ಭಾಷೆಯವರಲ್ಲ. ವಾಪಸು ಬರುವ ರೈಲಿನಲ್ಲಿ ನನಗೆ ಯಾರ ಮುಖವನ್ನೂ ನೋಡಬೇಕೆನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ನೀರುದೋಸೆ ಮುಗಿಸಿ ಯಾರ್ಡಿಗೆ ಹೋದೆವು. ಅತ್ತಿಗೆಯ ಚೀಲದಲ್ಲಿ ಕಾಗದ, ಫೋಟೊ, ಬಿಸಿನೀರಿನ ದೊಡ್ಡ ಫ್ಲಾಸ್ಕು, ಸಟ್ಟುಗ. ಅಂದು ಸಂಜೆಯೊಳಗೆ ದುಡ್ಡು ಪೂರ್ತಿ ಅವರ ಖಾತೆಗೆ ಬಂತು, ಹಾಸ್ಟೆಲಿನ ಆರ್ಡರೂ ಉಳಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳಬೇಕೆಂದಿರುವುದು ಅದಲ್ಲ.

ಸುದರ್ಶನ ಗಿರಾಕಿಗಳ ಜೊತೆ ಹೊರಗೇ ನಿಂತಿದ್ದ. ಗಂಡ, ಹೆಂಡತಿ, ಅವರ ಮುಂದೆ ಒಂದು ಕೆಂಪು ಕಾರು, ಅದರ ಗಾಜಿನ ಮೂಲೆಯಲ್ಲಿ ಯಲ್ಲಮ್ಮ. ಗಂಡನ ಕೈಯಲ್ಲಿ ಆಗಲೇ ಚೆಕ್ ಪುಸ್ತಕ. ಅತ್ತಿಗೆ ಸೀದಾ ಆ ಕಾರಿನ ಹತ್ತಿರ ಹೋಗಿ ಕೈಮುಗಿದು, ಫ್ಲಾಸ್ಕಿನ ಬಿರಡೆ ತೆಗೆದು ಗಾಜಿಗೆ ನೀರು ಸುರಿದರು.

ಗಂಡ ಗಾಬರಿಯಾದ. “ಯಾಕ್ರೀ ಅಕ್ಕಾರ, ದೇವ್ರ ಚಿತ್ರಾ ಯಾಕ ಕೀಳಾಕ್ಹತ್ತೀರಿ?” ಅವನ ಹೆಸರು ಬಾಲಪ್ಪ ಎಂದು ಆಮೇಲೆ ಗೊತ್ತಾಯಿತು, ಕಳ್ವಾದಲ್ಲಿ ಕೆಲಸ.

“ದೇವರನ್ನು ಕೀಳುವುದಿಲ್ಲ ತಮ್ಮ. ಬಿಡಿಸ್ತಾ ಇದ್ದೇನೆ” ಎಂದರು ಅತ್ತಿಗೆ. “ನೀವು ಯಲ್ಲಮ್ಮನ ಭಕ್ತರು ಅಂತ ಇವನಿಗೆ ಗೊತ್ತಾದದ್ದು ಯಾವಾಗ?”

“ನಿನ್ನೆ ಫೋನ್‌ನ್ಯಾಗ ಕೇಳಿದ್ರು, ಯಾ ಊರ್ರೀ ಅಂತ. ಸವದತ್ತಿ ಕಡೆ ಅಂದೆ.” ಅಷ್ಟು ಹೇಳಿ ಬಾಲಪ್ಪ ನಿಂತ. ಗಾಜಿನ ಕಡೆ ನೋಡಿದ. ಸುದರ್ಶನನ ಕಡೆ ನೋಡಿದ. ಚೆಕ್ ಪುಸ್ತಕ ನಿಧಾನವಾಗಿ ಜೇಬಿಗೆ ಹೋಯಿತು. ಯತಿನ್ ಅವನಿಗೆ ಮೇಷ್ಟ್ರು ಕೊಟ್ಟ ಮುಳುಗಿದ ವ್ಯಾನಿನ ಫೋಟೊ ತೋರಿಸಿ, ಕಾರಿನ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಲು ಹೇಳಿಕೊಟ್ಟ.

ಅತ್ತಿಗೆ ಮುಂದಿನ ಗಾಡಿಗೆ ಹೋಗಿದ್ದರು. ಖಂಡೋಬಾ. ಆಮೇಲೆ ಇನ್ನೊಬ್ಬ ಅಜ್ಜ. ಬಿಡಿಸಿದ ಪ್ರತಿ ಚಿತ್ರವನ್ನೂ ತಾವು ತಂದಿದ್ದ ಬಿಳಿ ಬಟ್ಟೆಯ ಮೇಲೆ ಮಲಗಿಸುತ್ತಿದ್ದರು. ಕೆಲವುಗಳ ಕೆಳಗೆ ಹಳೆಯ ಚೀಟಿ ಇತ್ತು, ಕೆಲವುಗಳ ಕೆಳಗೆ ಏನೂ ಇರಲಿಲ್ಲ. ಅವರು ನಿಲ್ಲಿಸಲಿಲ್ಲ. ಶಿಲ್ ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡತೊಡಗಿದರು. ಸುದರ್ಶನ, “ಆಂಟಿ, ಪೋಲೀಸ್ ಬುಲಾಊಂಗಾ” ಎಂದ. ಅತ್ತಿಗೆ ತಲೆಯೆತ್ತದೆ, “ಕರಿ. ಕಾಗದ ನನ್ನ ಹತ್ತಿರ ಉಂಟು” ಎಂದರು. ಅವನು ಯಾರನ್ನೂ ಕರೆಯಲಿಲ್ಲ.

ಹತ್ತು ಗಾಡಿ ಮುಗಿಯುವಾಗ ಅವನು ಬೆವೆತುಹೋಗಿದ್ದ. ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡ. ಹೋಗಿದ್ದ ತುಳು ವಾಪಸು ಬಂದಿತ್ತು, ಮೊದಲ ದಿನದ ಅದೇ ಸಕ್ಕರೆ ಹಾಕಿಕೊಂಡು.

“ಅಣ್ಣೆರೆ, ಈರಾಂಡಲಾ ಪಣ್ಲೆ. ನಮ ಒಂಜೇ ಊರುದಕುಲು ಅತ್ತಾ?”

ನೀವಾದರೂ ಹೇಳಿ, ನಾವು ಒಂದೇ ಊರಿನವರಲ್ಲವೇ ಎಂದು. ಠಾಣೆ ಸ್ಟೇಷನ್ನಿನ ಮೆಟ್ಟಿಲುಗಳ ಮೇಲೆ ನಾನು ಇವನಿಗೆಂದು ಎಷ್ಟು ಬೈಗುಳ ಕೂಡಿಸಿಟ್ಟಿದ್ದೆ! ಎಲ್ಲವೂ ತುಳುವಿನವು, ಒಂದಕ್ಕಿಂತ ಒಂದು ಒಳ್ಳೆಯವು. ಒಂದೂ ಬಾಯಿಗೆ ಬರಲಿಲ್ಲ. ಆ ಭಾಷೆಯಲ್ಲಿ ಇವನನ್ನು ಬೈಯುವುದಕ್ಕೂ ನನಗೆ ಮನಸ್ಸಾಗಲಿಲ್ಲ. ಕೈ ಬಿಡಿಸಿಕೊಂಡೆ.

“ಸುದರ್ಶನ್ ಭಾಯ್, ಮುಝೇ ಕುಛ್ ಮತ್ ಬೋಲೋ” ಎಂದೆ, ಹಿಂದಿಯಲ್ಲಿ. “ಗಾಡಿ ಮೇಡಂ ಕೀ ಹೈ. ಮೇಡಂ ಸೇ ಬಾತ್ ಕರೋ.”

ಯತಿನ್ ತಿರುಗಿ ನನ್ನ ಮುಖ ನೋಡಿದ. ಅತ್ತಿಗೆ ನೋಡಲಿಲ್ಲ. ಅವರು ಹನ್ನೊಂದನೇ ಗಾಜಿನ ಮೇಲೆ ಬಿಸಿನೀರು ಸುರಿಯುತ್ತಿದ್ದರು.